ಚಂದರನ ಪಾಲಿನ ದೊನ್ನೆ

ಬೋರಪಾಡಾದಲ್ಲಿ ಈ ಕಥೆ ಹೇಳುವವರು ಬಾಯಿ ತೆರೆಯುವ ಮೊದಲು ಎರಡೂ ಅಂಗೈಗಳನ್ನು ಮುಂದೆ ಚಾಚುತ್ತಾರೆ. ಕೇಳುವವರೂ ಚಾಚಬೇಕು. ಧಾನ್ಯದ ತಾಯಿ ಕನ್ಸರಿಯ ಕಥೆಗೆ ಕಂಚಿನ ತಟ್ಟೆ ಬೇಕು, ಹುಲಿದೇವರ ಕಥೆಗೆ ಬೆಂಕಿ ಬೇಕು. ಚಂದರನ ಕಥೆಗೆ ಅಂಗೈ ಸಾಕು. ಇದು ಹಳೆಯ ಕಾಲದ್ದಲ್ಲ. ಇದರಲ್ಲಿ ಬರುವವರು, ಒಬ್ಬನ ಹೊರತು, ಎಲ್ಲರೂ ಬದುಕಿದ್ದಾರೆ. ಪೂಜೆ ನಡೆಸುವ ಢವಳು ಭಗತನ ಬಾಯಿಂದ ಇದನ್ನು ಒಮ್ಮೆ ಕೇಳಿದ್ದೇನೆ, ರಂಜಿಯಿಂದ ಎರಡು ಸಲ, ಝಿಪರಿಯಿಂದ ಒಂದೇ ಸಲ, ಅದೂ ಅವಳು ರಾಗಿ ಬೀಸುತ್ತ ಕಲ್ಲಿನ ಸದ್ದಿನ ನಡುವೆ ಹೇಳಿದ್ದು. ಮೂವರ ಮಾತು ಬೇರೆಯಾಗುವುದು ಒಂದೇ ಕಡೆ. ಅದು ಬಂದಾಗ ತಿಳಿಸುತ್ತೇನೆ.

ದಸರೆ ಕಳೆದು ಎರಡು ವಾರವಾಗುವಾಗ ಗುಡ್ಡದ ಪಾಡಾ ಎಂಬ ಹಾಡಿಗಳಿಂದ ಟೆಂಪೋಗಳು ಜನರನ್ನು ತುಂಬಿಕೊಂಡು ನಾಶಿಕದ ಬಯಲಿಗೆ ಇಳಿಯುತ್ತವೆ. ದ್ರಾಕ್ಷಿಯ ಕಡ್ಡಿ ಸವರುವ ಚಾಟಣಿ ಆ ಹೊತ್ತಿಗೆ ಶುರುವಾಗಿರುತ್ತದೆ. ಕತ್ತರಿ ಹಿಡಿದವರು ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತ ಮುಂದೆ ಹೋದರೆ, ಪೇಸ್ಟಿನವರು ಅವರ ಹಿಂದೆ, ಕಡ್ಡಿಯಲ್ಲಿ ಉಳಿದ ಒಂದೊಂದು ಕಣ್ಣಿಗೂ ಔಷಧಿಯಲ್ಲಿ ಅದ್ದಿದ ಬಟ್ಟೆ ಒತ್ತುತ್ತ ಬರುತ್ತಾರೆ. ಎರಡು ದಿನದೊಳಗೆ ಒತ್ತದಿದ್ದರೆ ಕಣ್ಣುಗಳು ಒಟ್ಟಿಗೆ ಒಡೆಯುವುದಿಲ್ಲ; ತೋಟದ ಅರ್ಧ ಹಣ್ಣಾದಾಗ ಇನ್ನರ್ಧ ಕಾಯಿಯಾಗಿರುತ್ತದೆ. ಯಾವ ಕಣ್ಣಿಗೆ ತಾಗಿತು, ಯಾವುದು ಉಳಿಯಿತು ಎಂದು ತಿಳಿಯಲಿ ಎಂದು ಔಷಧಿಗೆ ಕೆಂಪು ಬಣ್ಣ ಬೆರೆಸುತ್ತಾರೆ. ಆ ಬಣ್ಣ ಬಳ್ಳಿಯ ಮೇಲೆ ನಾಲ್ಕು ದಿನ ಇರುತ್ತದೆ, ಬೆರಳಿನ ಮೇಲೆ ಹತ್ತು ದಿನ.

ಪುಂಜಾರಾಮ ಶೇಟ್‌ನ ತೋಟಕ್ಕೆ ಏಳು ವರ್ಷದಿಂದ ಬರುತ್ತಿದ್ದ ಹನ್ನೆರಡು ಜನರ ತಂಡಕ್ಕೆ ನವಸು ಮುಕಾದಮ, ಅಂದರೆ ಮೇಸ್ತ್ರಿ. ಮಾತು ಕಡಿಮೆಯ, ಕತ್ತರಿ ಹಿಡಿದರೆ ನೆರಳೂ ಅಲುಗದ ಐವತ್ತರ ಮನುಷ್ಯ. ಚಂದರ ಅವನ ತಮ್ಮ. ಝಿಪರಿ ಚಂದರನ ಹೆಂಡತಿ. ಇಡೀ ತಂಡಕ್ಕೆ ವಾಸ ಒಂದೇ ತಗಡಿನ ಶೆಡ್ಡಿನಲ್ಲಿ. ಅದರ ನಡುವೆ ಒಂದು ತಗಡು ಅಡ್ಡ ನಿಲ್ಲಿಸಿ, ಆಚೆ ಔಷಧಿಯ ಡಬ್ಬಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಇಟ್ಟಿದ್ದರು, ಈಚೆ ಜನರನ್ನು. ತಗಡು ಮಾಡಿಗೆ ಮುಟ್ಟುತ್ತಿರಲಿಲ್ಲ. ಆಚೆಯ ವಾಸನೆ ಈಚೆಯ ರೊಟ್ಟಿಗೆ ಹತ್ತುತ್ತಿತ್ತು. ಕುಡಿಯುವ ನೀರಿಗೆ ಶೇಟ್ ಕೊಟ್ಟದ್ದು ಔಷಧಿ ಬಂದಿದ್ದ ನೀಲಿ ಡ್ರಮ್ಮು. "ಮೂರ್ ಸಲ ತೊಳಿಸೇನಿ" ಎಂದಿದ್ದ. ಮೊದಲ ವರ್ಷದಿಂದಲೂ ಎಲ್ಲರೂ ಅದರಲ್ಲೇ ಕುಡಿದರು.

ಚಂದರ ತೀರಿಹೋದದ್ದು ಆ ಶೆಡ್ಡಿನ ಮುಂದೆ, ದೀಪಾವಳಿಯ ಅಮಾವಾಸ್ಯೆಯ ದಿನ.

ಗುಡ್ಡದ ಜನ ಎಲ್ಲೇ ಇರಲಿ, ಆ ದಿನ ಹೊಸ ರಾಗಿಯನ್ನು ದೇವರಿಗೆ ಮುಟ್ಟಿಸದೆ ತಾವು ತಿನ್ನುವುದಿಲ್ಲ. ಊರಿಂದ ಗಂಟು ಕಟ್ಟಿ ತಂದ ಮೂರು ಹಿಡಿ ರಾಗಿ, ಒಂದು ಬಾಟಲಿ ಹಿಪ್ಪೆಯ ಸಾರಾಯಿ. ಮನೆಯ ಹಿರಿಯ ಎಲೆಯ ದೊನ್ನೆಗೆ ಸುರಿಯುತ್ತಾನೆ. ಆ ವರ್ಷ ಬೀಜ ಬಿತ್ತಿದವನು ಅದನ್ನು ಹಿಡಿದು, ಮೂರು ಹನಿ ನೆಲಕ್ಕೆ ಬಿಟ್ಟು, ಉಳಿದದ್ದನ್ನು ಇಡೀ ಮನೆಯ ಪರವಾಗಿ ಕುಡಿಯುತ್ತಾನೆ. ಅದನ್ನು ಅವರಾರೂ ಕುಡಿತ ಎನ್ನುವುದಿಲ್ಲ. ಕುಡಿತದ ಜಾಗ ಬೇರೆ, ಹೊತ್ತು ಬೇರೆ, ಅದಕ್ಕೆ ಹೆಂಡಂದಿರಿಂದ ಬೀಳುವ ಬೈಗುಳವೂ ಬೇರೆ. ದೇವರ ದೊನ್ನೆ ದೇವರದು.

ಬಿತ್ತಿದವನು ಚಂದರ. ಸುರಿದವನು ನವಸು. ಚಂದರ ಮೂರು ದಿನದಿಂದ ಬರಿಗೈಯಲ್ಲಿ ಪೇಸ್ಟು ಹಚ್ಚಿದ್ದ. ಹನ್ನೆರಡು ಜನರಿಗೆ ಬಂದ ಕೈಗವಸು ಐದೇ ಜೊತೆ. ಸಿಕ್ಕವರು ಕೂಡ ರಬ್ಬರಿನ ಬೆರಳಿಗೆ ಬಳ್ಳಿಯ ಕಣ್ಣು ಸಿಗುವುದಿಲ್ಲವೆಂದು ತುದಿಗಳನ್ನು ಕತ್ತರಿಸಿಕೊಂಡಿದ್ದರು. ಅವನ ಅಂಗಿಯ ತೋಳು ಮೊಣಕೈವರೆಗೆ ಕೆಂಪಾಗಿ ಒಣಗಿ ಹಪ್ಪಳದಂತಿತ್ತು. ದೊನ್ನೆ ಕೆಳಗಿಟ್ಟು ಅರ್ಧ ಬೀಡಿ ಸೇದುವಷ್ಟರಲ್ಲಿ ಮುಖ, ಕುತ್ತಿಗೆ, ಕಿವಿ ದಾಸವಾಳದ ಬಣ್ಣಕ್ಕೆ ತಿರುಗಿದವು.

"ಝಿಪರೀ, ಎದಿಯೊಳಗ ಯಾರೋ ಡೋಲು ಬಡ್ಯಾಕತ್ತಾರ" ಎಂದ.

"ಮದುವಿ ಯಾರ್ದು?" ಎಂದು ಅವಳು ನಕ್ಕಳು. ಆ ನಗೆಯನ್ನು ಹೇಳುವಾಗ ಮಾತ್ರ ಝಿಪರಿ ಬೀಸುವ ಕಲ್ಲನ್ನು ನಿಲ್ಲಿಸಿದ್ದಳು.

ಶೆಡ್ಡಿನ ಮುಂದಿನ ಜಾಲಿಯ ಮರದ ನೆರಳಿಗೆ ಅವನನ್ನು ಎಳೆದು ಮಲಗಿಸಿದರು. ಜೀಪು ಬರುವುದರೊಳಗೆ ಉಸಿರು ನಿಂತಿತು. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿಯ ವಾಸನೆ ನೋಡಿ ಕಾಗದದಲ್ಲಿ ಏನೋ ಬರೆದರು. ಹೆಣ ಊರಿಗೆ ಹೋಗುವ ಮೊದಲೇ ಮಾತು ಊರಿಗೆ ಹೋಗಿತ್ತು: ಚಂದರ ಕುಡಿದು ಸತ್ತ. ಆಶ್ರಮಶಾಲೆಯಲ್ಲಿ ಅವನ ಮಗಳನ್ನು ಕುಡುಕನ ಮಗಳೆಂದು ಕರೆದರು. ವರ್ಷಕ್ಕೆ ಒಮ್ಮೆ ಆ ಒಂದು ದೊನ್ನೆಯ ಹೊರತು ಅವನು ಸಾರಾಯಿ ಮುಟ್ಟಿದ್ದನ್ನು ಕಂಡವರಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಚಂದರನ ಕೆಂಪು ಬೆರಳು ನೋಡಿ ಝಿಪರಿಗೆ ಹೇಳಿದ್ದಳು: "ಯವ್ವಾ, ಈ ಕೈಲೆ ಸೆರೆ ಕುಡೀತಾರೇನು? ದ್ರಾಕ್ಷಿ ಪೇಸ್ಟಿಗೂ ಸೆರೆಗೂ ಹಾವು ಮುಂಗಸಿ." ಮರುದಿನ ಝಿಪರಿ ಶೇಟ್‌ನ ಮುಂದೆ ನಿಂತು, ಇದು ನಿಮಗ ಗೊತ್ತಿತ್ತೇನ್ರಿ ಎಂದು ಕೇಳಿದಳು.

"ಡಬ್ಬದ ಮ್ಯಾಲ ಬರದೈತಿ."

"ಡಬ್ಬ ಓದಾಕ ನಮಗ ಬರತೈತೇನ್ರಿ?"

"ಮುಕಾದಮಗ ಹೇಳಿದ್ನಿ. ಎಂಟ ದಿನ ಸೆರೆ ಮುಟ್ಟಬಾರದಂತ ಹೇಳಿದ್ನಿ. ಹೆಣಮಕ್ಕಳಿಗೆ ಯಾಕ ಹೇಳಲಿ, ಹೆಣಮಕ್ಕಳು ಕುಡೀತಾರೇನು?"

ನವಸು ಅಲ್ಲೇ ನಿಂತಿದ್ದ. ನೆಲ ನೋಡಿದ. ಝಿಪರಿ ಅವನತ್ತ ಒಮ್ಮೆ ನೋಡಿದಳು. ಅಲ್ಲಿಂದ ಒಂದು ವರ್ಷ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹೊರಗೆ ಸತ್ತವನ ಜೀವ, ಉಸಿರು ಬಿಟ್ಟ ಜಾಗದಲ್ಲೇ ಕೂತಿರುತ್ತದೆ ಎಂಬುದು ಆ ಜನರ ನಂಬಿಕೆ. ದಾರಿ ಗೊತ್ತಿದ್ದರೂ ಕರೆಯದೆ ಅದು ಬರುವುದಿಲ್ಲ. ವರ್ಷ ತುಂಬಿದ ಅದೇ ತಿಥಿಯಲ್ಲಿ ಭಗತನು ಅಲ್ಲಿಗೆ ಹೋಗಿ ಕರೆಯಬೇಕು. ಒಡಹುಟ್ಟಿದವನು ಸತ್ತವನ ಪಾಲಿನ ದೊನ್ನೆಯನ್ನು ಕುಡಿದು "ನಿನ್ನ ಪಾಲು ನಮ್ಮ ಮನ್ಯಾಗೈತಿ, ಬಾ" ಎನ್ನಬೇಕು. ಆಗ ಅಲ್ಲಿನ ಒಂದು ಕಲ್ಲನ್ನು ಎತ್ತಿ ತಂದು ಊರಿನಲ್ಲಿ ಹಿರಿಯರ ಸಾಲಿಗೆ ಸೇರಿಸುತ್ತಾರೆ. ಆ ತಿಥಿ ತಪ್ಪಿದರೆ ಇನ್ನೊಂದು ವರ್ಷ ಜೀವ ಹೊರಗೆ. ಅದು ಹೊರಗಿರುವಷ್ಟು ಕಾಲ ಆ ಮನೆಯವರು ಹೊಸ ರಾಗಿ ಮುಟ್ಟುವಂತಿಲ್ಲ.

ತಿಥಿ ಅಂದರೆ ಮತ್ತೆ ದೀಪಾವಳಿಯ ಅಮಾವಾಸ್ಯೆ. ಮತ್ತೆ ಪೇಸ್ಟಿನ ವಾರ. ಒಡಹುಟ್ಟಿದವನು ನವಸು ಒಬ್ಬನೇ.

ಆ ವರ್ಷ ತೋಟಕ್ಕೆ ಇಳಿದ ಮೊದಲ ದಿನವೇ ನವಸು ಶೇಟ್‌ನ ಅಂಗಳದಲ್ಲಿ ನಿಂತ. ಶೇಟ್ ಮೋಟಾರ್‌ಸೈಕಲ್ ಮೇಲೆ ಕೂತೇ ಮಾತಾಡುವವನು. ಎಂಜಿನ್ ನಿಲ್ಲಿಸುವ ಪದ್ಧತಿ ಅವನದಲ್ಲ.

"ಶೇಟ್, ಈ ಸಲ ನಾ ಪೇಸ್ಟು ಹಚ್ಚಂಗಿಲ್ಲ. ಅಮಾಸಿ ತನಕ ಕತ್ತರಿ ಹಿಡೀತೀನಿ."

"ಮುಕಾದಮನ ಕೈ ಕಟ್ಟಿ ಕುಂತ್ರ ಉಳದ ಮಂದಿ ಕೈ ಓಡತಾವೇನೊ?"

"ಕುಂಡ್ರಂಗಿಲ್ರಿ. ಇಬ್ಬರ ಚಾಟಣಿ ಒಬ್ಬನ ಮಾಡ್ತೀನಿ."

"ಏನ್ ವ್ರತ ಹಿಡದೀಯೊ ಮಾರಾಯಾ?"

"ನನ್ನ ತಮ್ಮನ್ನ ಕರಕೊಂಡ ಹೋಗೂದೈತ್ರಿ."

ಶೇಟ್ ಗೇರು ಹಾಕಿ ಹೋದ. ಹೋದದ್ದನ್ನೇ ಒಪ್ಪಿಗೆ ಎಂದು ತಿಳಿದರು. ಝಿಪರಿ ಕೂಡ ಪೇಸ್ಟು ಮುಟ್ಟಲಿಲ್ಲ. ತಂಡಕ್ಕೆ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ನೀರು ತರುವುದು ಅವಳ ಪಾಲಿಗೆ ಬಂತು. ಬಂದ ಸಂಜೆಯೇ ಅವಳು ನೀಲಿ ಡ್ರಮ್ಮನ್ನು ಉರುಳಿಸಿ ಬೋರಲು ಹಾಕಿ, ಮೇಲೆ ಕೂತು ಮೆಣಸಿನಕಾಯಿ ಬಿಡಿಸಿದಳು. ನೀರಿಗೆ ಕಾಲುವೆಯಾಚೆಯ ಬಾವಿಗೆ ಹೋದಳು, ದಿನಕ್ಕೆ ಹನ್ನೊಂದು ಸಲ.

"ಝಿಪರಿ ವೈನಿ, ಡ್ರಮ್ಮ ಮ್ಯಾಲ ಕುಂತ್ರ ನೀ ಶೇಟಾಣಿ ಕಂಡಂಗ ಕಾಣ್ತಿ" ಎಂದಳು ರಂಜಿ. ರಂಜಿ ತಂಡದಲ್ಲೇ ವೇಗದ ಕೈಯವಳು, ಅದಕ್ಕಿಂತ ವೇಗದ ಬಾಯಿಯವಳು.

"ಶೇಟಾಣಿ ಆಗಿದ್ರ ನಿನ್ನ ಬಾಯಿಗೂ ಒಂದ್ ಕೈಗವಸ ಕೊಡಸತಿದ್ನಿ."

"ಕೊಡಸಿದ್ರೂ ತುದಿ ಕತ್ತರಿಸಿ ಹಾಕೋತಿದ್ನಿ ತಗಿ."

ಹೀಗೆ ಆರು ದಿನ ಕಳೆದವು. ನವಸು ಇಬ್ಬರ ಕೆಲಸ ಮಾಡಿದ. ಊಟಕ್ಕೆ ಕೂರುವ ಮೊದಲು ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ, ಬೆಳೆದ ಹುಡುಗಿ ಕನ್ನಡಿ ನೋಡಿಕೊಂಡಂತೆ ಎಂದು ರಂಜಿ ಹೇಳುತ್ತಾಳೆ. ಬೇರೆಯವರೆಲ್ಲರ ಕೈಗಳು ಕೆಂಪಾಗುತ್ತ ಹೋದವು. ಉಗುರಿನ ಸುತ್ತ ಚರ್ಮ ಸುಲಿದು ಖಾರ ತಾಗಿದರೆ ಉರಿಯುತ್ತಿತ್ತು. ಅವರಿಗೆ ಝಿಪರಿ ಚಟ್ನಿಯಿಲ್ಲದೆ ಸಪ್ಪೆ ಬೇಳೆ ಮಾಡಿ ಬಡಿಸಿದಳು.

ಅಮಾವಾಸ್ಯೆಗೆ ಇನ್ನೆರಡು ದಿನ ಇರುವಾಗ ಮಧ್ಯಾಹ್ನ ಉಳಿದವರೆಲ್ಲ ತೋಟದ ಆ ಕೊನೆಯಲ್ಲಿದ್ದರು. ರಂಜಿ ಈ ಕೊನೆಯಲ್ಲಿ ಒಬ್ಬಳೇ ಎತ್ತರದ ಕಡ್ಡಿಗೆ ಕೈ ಚಾಚಿದ್ದಳು. ತಂತಿಗೆ ಸಿಗಿಸಿದ್ದ ಪೇಸ್ಟಿನ ಡಬ್ಬಿ ಜಾರಿ ಅವಳ ಹಣೆ, ಕಣ್ಣು, ಕುತ್ತಿಗೆಯ ಮೇಲೆ ಸುರಿಯಿತು. ಅವಳ ಕೂಗು ಕೇಳಿ ಪಕ್ಕದ ಸಾಲಿನಲ್ಲಿ ಕತ್ತರಿಸುತ್ತಿದ್ದ ನವಸು ಬಳ್ಳಿಯಡಿ ನುಸುಳಿ ಬಂದ. ಬಟ್ಟೆ ಹುಡುಕುವಷ್ಟು ಹೊತ್ತಿರಲಿಲ್ಲ. ಎರಡೂ ಅಂಗೈಗಳಿಂದ ಅವಳ ಮುಖದ ಪೇಸ್ಟನ್ನು ಬಳಿದು ಬಳಿದು ತೆಗೆದ. ಹನಿ ನೀರಾವರಿಯ ಕೊಳವೆ ಕಿತ್ತು ಕಣ್ಣಿಗೆ ನೀರು ಹಿಡಿದ. ಉಳಿದವರು ಓಡಿ ಬರುವಷ್ಟರಲ್ಲಿ ಅವರು ಕಂಡದ್ದು ಇಷ್ಟೇ: ಮುಕಾದಮ ಕೊಳವೆ ಹಿಡಿದಿದ್ದಾನೆ, ನೀರು ಹರಿಯುತ್ತಿದೆ.

"ನವಸು ದಾದಾ ನೀರ್ ಹಾಕಿದ, ಅದಕ್ಕ ಉಳದ್ನಿ" ಎಂದು ರಂಜಿ ಸಂಜೆ ಎಲ್ಲರಿಗೂ ಹೇಳಿದಳು. ಅವಳ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಮುಖ ಬಳಿದದ್ದು ಬಟ್ಟೆಯೋ ಕೈಯೋ ಅವಳಿಗೆ ತಿಳಿದಿರಲಿಲ್ಲ.

ನವಸು ಮಾತ್ರ ಕಾಲುವೆಯ ಬಳಿ ಬಹಳ ಹೊತ್ತು ಕೂತ. ಮರಳು ಹಚ್ಚಿ ತಿಕ್ಕಿದ, ಬೂದಿ ಹಚ್ಚಿದ, ಇಟ್ಟಿಗೆಯ ಚೂರಿನಿಂದ ಉಜ್ಜಿದ. ಅಂಗೈಯ ಕೆಂಪು ಮಂಕಾಯಿತು. ಉಗುರಿನ ಸಂದಿಯದು ಹೋಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಢವಳು ಭಗತ ಟೆಂಪೋ ಇಳಿದು, ಕಂಚಿನ ತಟ್ಟೆಯನ್ನು ಎದೆಗವಚಿಕೊಂಡು, ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಂದ. ಎಪ್ಪತ್ತು ದಾಟಿದ ಮುದುಕ. ತೋಟದ ಸಾಲುಗಳನ್ನು ನೋಡಿ, "ಇದೇನೊ, ಬಳ್ಳೀನೂ ಶಾಲಿ ಮಕ್ಕಳಂಗ ಲೈನ್ ಹಚ್ಚಿ ನಿಲ್ಲಸ್ಯಾರ" ಎಂದ.

ನೆರಳು ಎಲ್ಲಕ್ಕಿಂತ ಚಿಕ್ಕದಾಗುವ ಹೊತ್ತಿಗೆ ಕರೆಯಬೇಕು. ಸತ್ತವರಿಗೆ ನೆರಳಿಲ್ಲ, ಬದುಕಿದವರು ಅವರಿಗೆ ಹತ್ತಿರವಾಗುವ ಗಳಿಗೆ ಅದೊಂದೇ. ತಂಡ ಜಾಲಿಯ ಮರದ ಸುತ್ತ ಕೂತಿತು. ಭಗತ ತಟ್ಟೆಯ ನಡುವೆ ಜೇನುಮೇಣದಲ್ಲಿ ಒಂದು ಕಡ್ಡಿ ನಿಲ್ಲಿಸಿ, ಬೆರಳುಗಳಿಂದ ಅದನ್ನು ಮೇಲಿನಿಂದ ಕೆಳಗೆ ನೀವತೊಡಗಿದ. ತಟ್ಟೆ ದುಂಬಿಯಂತೆ ಗುಂಯ್ಗುಟ್ಟಿತು. ಬೋರಪಾಡಾದಿಂದ ಬಯಲಿಗೆ ಇಳಿಯುವ ದಾರಿಯನ್ನು ಅವನು ಹಿಂದುಮುಂದಾಗಿ ಹಾಡಿದ: ಬಯಲು, ಸೇತುವೆ, ಘಾಟಿ, ಹುಲಿದೇವರ ಕಟ್ಟೆ, ನೇರಳೆ ಮರ, ಮನೆಯ ಹೊಸ್ತಿಲು. ಮರದ ಬುಡದಿಂದ ಝಿಪರಿ ಆರಿಸಿದ ಕರಿಯ ಕಲ್ಲೊಂದನ್ನು ಎಲೆಯ ಮೇಲೆ ಇಟ್ಟಿದ್ದರು. ಅದರ ಮುಂದೆ ನೀರಿನ ಬಟ್ಟಲು. ನೀರಲ್ಲಿ ಎರಡು ಅಕ್ಕಿಕಾಳು ತೇಲುತ್ತಿದ್ದವು, ಒಂದು ಸತ್ತವನ ಹೆಸರಲ್ಲಿ, ಒಂದು ಮನೆಯ ಹೆಸರಲ್ಲಿ. ಕಾಳುಗಳು ಒಂದನ್ನೊಂದು ಸೇರಿದರೆ ಜೀವ ಒಪ್ಪಿತೆಂದು ಅರ್ಥ.

ಭಗತ ದೊನ್ನೆಗೆ ಸುರಿದು ನವಸುವಿನತ್ತ ಚಾಚಿದ. ನವಸು ಎರಡೂ ಕೈಗೆ ಅರಿಶಿನ ಮೆತ್ತಿಕೊಂಡು ಬಂದಿದ್ದ. ಭಗತ ಅರಿಶಿನ ಹಚ್ಚಿಕೋ ಎಂದಿರಲಿಲ್ಲ. ಆದರೂ ಶುದ್ಧಿಗೆ ಹಚ್ಚಿಕೊಂಡಿದ್ದಾನೆಂದು ಎಲ್ಲರೂ ತಿಳಿದರು. ಅವನು ದೊನ್ನೆ ಹಿಡಿದಾಗ ಬಲಗೈಯ ಹೆಬ್ಬೆರಳು ಝಿಪರಿಯ ಕಡೆಗಿತ್ತು. ಅರಿಶಿನದ ಹಳದಿಯ ಅಂಚಿನಲ್ಲಿ, ಉಗುರಿನ ಬುಡದಲ್ಲಿ, ಒಂದು ಕೆಂಪು ಗೆರೆ.

"ದಾದಾ, ತಡೀರಿ" ಎಂದಳು.

ತಟ್ಟೆಯ ಸದ್ದು ನಿಂತಿತು.

"ಆ ಕೆಂಪು ಯಾವುದ್ರಿ?"

"ಅರಿಶಿಣಕ್ಕ ಸುಣ್ಣ ತಾಗೇತಿ" ಎಂದ ನವಸು.

ಭಗತ ಹುಬ್ಬು ಗಂಟಿಕ್ಕಿದ. "ಕರಿಯೂ ಹೊತ್ತಿನ್ಯಾಗ ಬಾಯಿ ಹಾಕಬಾರದವ್ವಾ."

ಝಿಪರಿ ಕಲ್ಲಿನ ಮುಂದಿದ್ದ ಲಿಂಬೆಹಣ್ಣನ್ನು ಎತ್ತಿ ಕುಡುಗೋಲಿನಿಂದ ಸೀಳಿದಳು. "ಅರಿಶಿಣದ ಕೆಂಪಿಗೆ ಲಿಂಬಿ ಹಿಂಡಿದ್ರ ಹೊಳ್ಳಿ ಹಳದಿ ಆಗತೈತಿ. ಅಡಗಿ ಮಾಡೂ ಎಲ್ಲಾ ಹೆಣಮಕ್ಕಳಿಗೂ ಗೊತ್ತೈತಿ. ಕೈ ತೋರಸ್ರಿ."

"ಝಿಪರೀ, ಬ್ಯಾಡ. ಹೊತ್ತ ಮೀರತೈತಿ."

"ತೋರಸ್ರಿ ದಾದಾ."

ಅವನು ತೋರಿಸಲಿಲ್ಲ, ಹಿಂತೆಗೆಯಲೂ ಇಲ್ಲ. ಅವಳೇ ಅವನ ಹೆಬ್ಬೆರಳ ಮೇಲೆ ಲಿಂಬೆ ಹಿಂಡಿದಳು. ಅರಿಶಿನ ಕರಗಿ ಹರಿಯಿತು. ಕೆಂಪು ಹಾಗೇ ಇತ್ತು.

ಊದಿದ ಕಣ್ಣು ತೆರೆಯಲಾರದೆ ರಂಜಿ ಪಕ್ಕದವಳನ್ನು ಕೇಳಿದಳು: "ಏನಾತ? ಏನಾತ, ಹೇಳ್ರೆ!" ಹೇಳಿದ ಮೇಲೆ ಅವಳಿಗೆ ಹೊಳೆಯಿತು. "ಅಯ್ಯೊ ನನ್ನ ಕರ್ಮ, ನನ್ನ ಮಾರಿ ಒರಿಸಿದ್ದು ಬರಿಗೈಯೇನು?" ಎಂದು ಬಾಯಿ ಮುಚ್ಚಿಕೊಂಡಳು. ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದು ಅದೇ ಮೊದಲು ಎಂದು ಭಗತ ಹೇಳುತ್ತಾನೆ.

ನವಸು ದೊನ್ನೆಯನ್ನು ಬಿಟ್ಟಿರಲಿಲ್ಲ. "ಕುಡೀತೀನಿ" ಎಂದ. "ನಾ ಸುರದ ದೊನ್ನಿ ಅಂವ ಕುಡದ. ಇವತ್ತ ಅವನ ದೊನ್ನಿ ನಾ ಕುಡೀತೀನಿ. ಏನಾಗೂದದ ಆಗಲಿ. ಅಂವ ಇನ್ನೊಂದ್ ವರ್ಷ ಈ ಜಾಲಿ ಬುಡಕ ಕುಂಡ್ರೂದು ಬ್ಯಾಡ."

"ನೀವೂ ಇಲ್ಲೇ ಸತ್ರ ನಿಮ್ಮನ್ನ ಕರಿಯಾಕ ಯಾರ್ ಬರಬೇಕ್ರಿ?" ಎಂದಳು ಝಿಪರಿ. "ನಿಮಗ ಒಡಹುಟ್ಟಿದವರು ಯಾರದಾರ? ಇಬ್ಬರೂ ಕೂಡಿ ಇಲ್ಲೇ ಶೇಟ್‌ನ ತ್ವಾಟಾ ಕಾಯ್ಕೋತ ಕುಂಡ್ರತೀರೇನು, ಪಗಾರಿಲ್ಲದ?"

ಹೀಗೆಂದು ಅವಳು ಅವನ ಕೈಯಿಂದ ದೊನ್ನೆ ತೆಗೆದುಕೊಂಡಳು. ಅವನ ಬೆರಳುಗಳು ತಡೆಯಲಿಲ್ಲ.

ಭಗತ ನೆರಳು ನೋಡಿದ. ಅದು ಆಗಲೇ ಒಂದು ಬೆರಳು ಉದ್ದವಾಗಿತ್ತು. "ಈ ಮನಿಯವರು ಮತ್ತ್ಯಾರದಾರ? ಎಲ್ಲಾರೂ ಕೈ ಮುಂದ ಮಾಡ್ರಿ" ಎಂದ. ಮರದ ಸುತ್ತ ಅಂಗೈಗಳು ಚಾಚಿಕೊಂಡವು. ಎಲ್ಲ ಕೆಂಪು. ಒಬ್ಬ ಹೆಂಗಸು, ಝಿಪರಿಯ ಕೈ ಬಿಳಿ ಅದಾವಲ್ಲ, ಹೆಂಡತಿ ಕುಡದ್ರ ನಡಿಯಂಗಿಲ್ಲೇನು ಎಂದಳು. ಭಗತ ಇಲ್ಲವೆನ್ನಲಿಲ್ಲ. ಅಂಥ ಪದ್ಧತಿ ಇರಲಿಲ್ಲ, ಆದರೆ ಅಂಥ ದಿನವೂ ಬಂದಿರಲಿಲ್ಲ.

ಝಿಪರಿ ದೊನ್ನೆ ಹಿಡಿದು ತನ್ನ ಕೈಗಳನ್ನು ನೋಡಿಕೊಂಡಳು. "ಏಳ ದಿನ ಇವರೆಲ್ಲರ ಬಟ್ಟಿ ಒಗದಾಕಿ ನಾನ. ಕಾಲಿವಿ ನೀರ ಕೆಂಪಾಗಿ ಹರೀತಿತ್ತು. ಬಿಳಿ ಕಂಡ್ರೂ ಇವು ಬಿಳಿ ಅಲ್ಲ. ನನ್ನ ಮಗಳಿಗೆ ಉಳದಿರೂದು ನಾ ಒಬ್ಬಾಕಿ."

ಅವಳು ಮೊಣಕಾಲೂರಿ ದೊನ್ನೆಯನ್ನು ಪೂರ್ತಿ ಕಲ್ಲಿನ ಬುಡಕ್ಕೆ ಬೋರಲು ಹಾಕಿದಳು. ಮೂರು ಹನಿಯಲ್ಲ, ಎಲ್ಲವೂ. ಒಣಮಣ್ಣು ಅದನ್ನು ಒಂದೇ ಗುಟುಕಿಗೆ ಎಳೆದುಕೊಂಡಿತು.

"ನಿನ್ನ ಪಾಲು ನೀನ ಕುಡಿ" ಎಂದಳು ಕಲ್ಲಿಗೆ. "ಈಗ ನಿನಗ ಏನೂ ಆಗಂಗಿಲ್ಲ. ಊರಿಗೆ ಬರೂದಿದ್ರ ಬಾ. ಬರಂಗಿಲ್ಲ ಅಂದ್ರ ಹೇಳು, ಮುಂದಿನ ವರ್ಷ ಮತ್ತ ಬರ್ತೀನಿ. ಆದ್ರ ಯಾರ ಜೀವಾನೂ ಕೊಟ್ಟು ನಿನ್ನ ಒಯ್ಯಂಗಿಲ್ಲ."

ಆಗ ನವಸು ಮಾತಾಡಿದ. ಅವನು ಕಲ್ಲಿಗೆ ಹೇಳಿದನೋ ಝಿಪರಿಗೋ ತಿಳಿಯದು. ಮುಖ ಇಬ್ಬರ ನಡುವಿನ ನೆಲದ ಕಡೆಗಿತ್ತು.

"ನನಗ ಹೇಳಿದ್ರು. ಗಾಡಿ ಮ್ಯಾಲ ಕುಂತ, ಎಂಜಿನ್ ಗದ್ದಲದಾಗ ಹೇಳಿದ್ರು, ಆದ್ರ ನನಗ ಕೇಳಿಸ್ತು. ಗಂಡಸರಿಗೆ ಹೇಳಿದ್ನಿ, ಅಂಗಡಿಗೆ ಹೋಗಬ್ಯಾಡ್ರಿ, ಕುಡೀಬ್ಯಾಡ್ರಿ ಅಂತ. ಚಂದರ ಹೂಂ ಅಂದ, ಅಂವ ಎಲ್ಲಿ ಕುಡೀತಿದ್ದ. ಅಮಾಸಿ ದಿನ ದೊನ್ನಿಗೆ ಸುರಿಯೂ ಮುಂದ ಆ ಮಾತು ನೆನಪಾತು. ಒಂದ್ ಗಳಿಗಿ ಕೈ ನಿಂತು. ಇದು ದೇವರದು, ಇದು ಸೆರೆ ಅಲ್ಲ ಅಂತ ಸುರದ್ನಿ. ನೆನಪಾಗಿತ್ತು ನನಗ. ಮರತಿದ್ದಿಲ್ಲ."

ಮೂವರ ಮಾತು ಬೇರೆಯಾಗುವುದು ಇಲ್ಲಿ. ನವಸು "ಮರತಿದ್ದಿಲ್ಲ" ಎಂದು ಮುಗಿಸಿದ ಗಳಿಗೆಗೆ ಸರಿಯಾಗಿ ಅಕ್ಕಿಕಾಳುಗಳು ಸೇರಿದವು ಎಂದು ಭಗತ ಹೇಳುತ್ತಾನೆ. ಸತ್ತವರು ಕಾಯುವುದು ದೊನ್ನೆಗಲ್ಲ, ಮಾತಿಗೆ ಎನ್ನುವುದು ಅವನ ಅರ್ಥ. ರಂಜಿ ತನಗೇನೂ ಕಾಣಲಿಲ್ಲ, ಭಗತ ಉಸಿರು ಬಿಟ್ಟ ಸದ್ದು ಮಾತ್ರ ಕೇಳಿಸಿತು ಎನ್ನುತ್ತಾಳೆ. ಝಿಪರಿಯ ಪ್ರಕಾರ ಕಾಳುಗಳು ಅದಕ್ಕೆ ಬಹಳ ಮೊದಲೇ, ದೊನ್ನೆ ಬೋರಲಾದ ಕೂಡಲೇ ಸೇರಿದ್ದವು. ಎಲ್ಲರೂ ನವಸುವಿನ ಮುಖ ನೋಡುತ್ತಿದ್ದರಿಂದ ಬಟ್ಟಲನ್ನು ಯಾರೂ ನೋಡಲಿಲ್ಲ. "ಅಂವ ಯಾರನ್ನೂ ಕಾಯಸೂ ಮನಶಾ ಅಲ್ಲ" ಎಂದು ಅವಳು ಬೀಸುವ ಕಲ್ಲು ತಿರುಗಿಸುತ್ತಲೇ ಹೇಳಿದಳು.

ಶೇಟ್ ಬಂದ ವಿಷಯದಲ್ಲಿ ಮೂವರದೂ ಒಂದೇ ಮಾತು. ಕೆಲಸ ಯಾಕೆ ನಿಂತಿದೆ ಎಂದು ನೋಡಲು ಬಂದವನು ಮರದ ಕೆಳಗೆ ಬಾಟಲಿ ಕಂಡು, "ಮತ್ತ ಸೆರೆ?" ಎಂದು ಗಾಡಿಯ ಮೇಲಿ‌ಂದಲೇ ಕೂಗಿದ.

ಝಿಪರಿ ಎದ್ದು ನಿಂತಳು. "ಹೌದ್ರಿ ಶೇಟ್, ಸೆರೆ. ನೆಲಾ ಕುಡೀತು. ನೆಲಕ್ಕ ಏನೂ ಆಗಿಲ್ಲ. ನನ್ನ ಗಂಡ ಇಷ್ಟ ಕುಡದಿದ್ದ. ಅಂವಗ ಯಾಕ ಆತು ಅನ್ನೂದು ನಿಮ್ಮ ಡಬ್ಬದ ಮ್ಯಾಲ ಬರದೈತಿ. ಅದನ್ನ ಇಲ್ಲಿ ತಂದು ಗಟ್ಟ್ಯಾಗಿ ಓದ್ರಿ. ಹೆಣಮಕ್ಕಳೂ ಕೇಳಲಿ, ಕಲ್ಲೂ ಕೇಳಲಿ."

ಶೇಟ್ ಎಂಜಿನ್ ನಿಲ್ಲಿಸಿದ. ಇಳಿದು ಚಪ್ಪಲಿ ಬಿಟ್ಟ. ಕಲ್ಲನ್ನು ಚಂದರನ ಹಳೆಯ ಅಂಗಿಯಲ್ಲಿ ಸುತ್ತುವವರೆಗೂ ಅಲ್ಲೇ ನಿಂತಿದ್ದ. ಡಬ್ಬ ತರಲಿಲ್ಲ, ಏನೂ ಹೇಳಲಿಲ್ಲ. ಈ ಕಥೆ ಈಗ ನಾಲ್ಕೈದು ಪಾಡಾಗಳಿಗೆ ಹಬ್ಬಿದೆ, ದಾಟಿದಲ್ಲೆಲ್ಲ ಒಂದಿಷ್ಟು ಬೆಳೆದಿದೆ. ಆದರೆ ಆ ಜಾಗದಲ್ಲಿ ಶೇಟ್‌ನ ಬಾಯಿಗೆ ಒಂದು ಮಾತನ್ನೂ ಯಾರೂ ಸೇರಿಸಿಲ್ಲ.

ಅಂದು ಸಂಜೆ ಡಬ್ಬವನ್ನು ಓದಿಸಿದ್ದು ಪಕ್ಕದ ಊರಿನ ಅಂಗನವಾಡಿಯ ಶಿಕ್ಷಕಿಯಿಂದ. ಝಿಪರಿ ಆ ಖಾಲಿ ಡಬ್ಬವನ್ನು ಕೋಲಿಗೆ ಸಿಗಿಸಿಕೊಂಡು, ಮೂರು ತೋಟಗಳ ಶೆಡ್ಡುಗಳ ಹೆಂಗಸರನ್ನು ನೀಲಿ ಡ್ರಮ್ಮಿನ ಸುತ್ತ ಕೂರಿಸಿ ಓದಿಸಿದಳು. ಈಗ ಬೋರಪಾಡಾದ ತಂಡಗಳಲ್ಲಿ ಪೇಸ್ಟಿನ ವಾರ ಯಾವ ದೇವರ ದೊನ್ನೆ ಬಂದರೂ, ಹಿಡಿಯುವವನು ಮೊದಲು ಅಂಗೈ ತೋರಿಸಬೇಕು. ಕೆಂಪಿದ್ದರೆ ದೊನ್ನೆ ಪೂರ್ತಿ ನೆಲಕ್ಕೆ. ತೋರಿಸು ಎನ್ನುವ ಹಕ್ಕು ಅಡುಗೆ ಮಾಡುವವಳದು. ಕೈಗವಸು ಮಾತ್ರ ಆ ವರ್ಷವೂ ಐದೇ ಜೊತೆ ಇದ್ದವು. ಮರುವರ್ಷ ಒಂಬತ್ತಾದವು ಎಂದು ಕೇಳಿದ್ದೇನೆ.

ಮರುದಿನ ಬೆಳಿಗ್ಗೆ ಝಿಪರಿ ಭಗತನ ಜೊತೆ ಊರಿಗೆ ಹೊರಟಳು. ನವಸು ರಸ್ತೆಯವರೆಗೆ ಕಲ್ಲನ್ನು ತಾನೇ ಹೊತ್ತು ಬಂದ, ಕೆಂಪು ಬೆರಳು ತಾಗದಂತೆ ಸುತ್ತಿದ ಅಂಗಿಯ ತೋಳುಗಳಿಂದ ಹಿಡಿದು. ಅದನ್ನು ಅವಳ ಕೈಗೆ ಕೊಡುವಾಗ, "ಕೈ ಬಿಳಿ ಆದ ಮ್ಯಾಲ ಬರ್ತೀನಿ. ಹೊಸ ರಾಗಿ ನನಗೊಂದ್ ಹಿಡಿ ಇಡು" ಎಂದ.

"ಇಡ್ತೀನ್ರಿ" ಎಂದಳು ಅವಳು.

ರಂಜಿ ಒದ್ದೆ ಬಟ್ಟೆ ಕಣ್ಣಿಗೆ ಒತ್ತಿಕೊಂಡೇ ಕೂಗಿದಳು: "ಭಗತ ಬಾಬಾ, ನಿಮ್ಮ ಕೈ ಬಿಳಿ ಅದಾವಂತ ದಾರ್ಯಾಗ ಬಾಟಲಿ ಖಾಲಿ ಮಾಡೀರಿ ಮತ್ತ!"

ಟೆಂಪೋ ತುಂಬಿತ್ತು. ಡ್ರೈವರ್ ಝಿಪರಿಯ ಮಡಿಲಿನ ಗಂಟು ನೋಡಿ, "ಸೀಟಿಲ್ಲಬೇ, ಅದನ್ನ ಮ್ಯಾಲ ಟಪ್ಪಿನ ಮ್ಯಾಲ ಒಗಿ" ಎಂದ.

"ಹೋದ ವರ್ಷ ಇದ ಗಾಡ್ಯಾಗ ಕುಂತ ಇಳದು ಬಂದಂವ ಇಂವ" ಎಂದಳು ಝಿಪರಿ. "ಹೊಳ್ಳಿ ಹೋಗಾಕ ಕುಂಡ್ರಲೇ ಇಲ್ಲ. ಆ ಸೀಟ ಎಲ್ಲಿ ಹೋತು?"

ಡ್ರೈವರ್ ಹಿಂತಿರುಗಿ ಅಂಗಿಯನ್ನೂ ಅದರ ಕೆಂಪು ತೋಳನ್ನೂ ನೋಡಿದ. ಕಿಟಕಿಯ ಪಕ್ಕದ ಸೀಟಿನ ಮೇಲಿದ್ದ ಮೂಟೆಯನ್ನು ಅವನೇ ಎತ್ತಿ ಕೆಳಗಿಟ್ಟ.